ಅಕ್ಕೋರ ಎರಡನೇ ಪ್ರತಿ

ಅಕ್ಕೋರ ಕನ್ನಡಕಕ್ಕೆ ಬಲಗಡೆಯ ಕಡ್ಡಿ ಇರಲಿಲ್ಲ. ಅದರ ಜಾಗದಲ್ಲಿ ಮಗ್ಗದ ಕೆಂಪು ನೂಲನ್ನು ನಾಲ್ಕೆಳೆ ಹೊಸೆದು ಕಟ್ಟಿ, ಕಿವಿಗೆ ಎರಡು ಸುತ್ತು ಸುತ್ತಿಕೊಂಡಿರುತ್ತಿದ್ದರು. ಕಂಪ್ಯೂಟರಿನ ಮುಂದೆ ಬಗ್ಗಿದಾಗಲೆಲ್ಲ ಅದು ಒಂದು ಕಡೆಗೆ ವಾಲಿ ಮೂಗಿನ ತುದಿಗೆ ಜಾರುತ್ತಿತ್ತು. ಅವರು ಮಣಿಕಟ್ಟಿನಿಂದ ಮೇಲಕ್ಕೆ ತಳ್ಳುವುದು, ಅದು ಮತ್ತೆ ಜಾರುವುದು. ದಿನಕ್ಕೆ ನೂರು ಸಲ ನೋಡಿ ನೋಡಿ ನನಗೆ ತಲೆ ಕೆಡುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ.

"ಅಕ್ಕೋರ, ಒಂದ್ ಹೊಸಾ ಚಾಳೀಸ ಮಾಡಸಬಾರದೇನ್ರಿ?"

"ಮಾಡಸೀನಲ್ರಿ ಸರ್. ಗಜೇಂದ್ರಗಡದಾಗ ಐತಿ, ಟ್ರಂಕಿನಾಗ."

"ಮತ್ತ ಅದನ್ನ ಹಾಕ್ಕೋರಿ."

"ಅದನ್ನೂ ಹಾಕ್ಕೊಂಡು ಕುಂತ್ರ, ಅದು ಒಡದ ದಿನ ಏನ್ ಮಾಡ್ಲಿ?"

ಇದಕ್ಕೆ ಏನು ಹೇಳುತ್ತೀರಿ? ನಾನು ಎದ್ದು ಚಹಾ ಕುಡಿಯಲು ಹೋದೆ. ಅವರ ಜೊತೆ ಕೆಲಸ ಮಾಡಿದ ಆರು ವರ್ಷಗಳಲ್ಲಿ ನಾನು ಹೀಗೆ ಎದ್ದು ಹೋದದ್ದೇ ಹೆಚ್ಚು.

ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರು ರೋಣದ ಸುತ್ತಲ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕಲಿಸಿ, ನಿವೃತ್ತರಾದ ಮೇಲೆ ಕೊಣ್ಣೂರಿನ ನಮ್ಮ ಸಣ್ಣ ಸಂಸ್ಥೆಗೆ ಬಂದಿದ್ದರು. ನಮ್ಮದು ಮಲಪ್ರಭೆಯ ದಂಡೆಗುಂಟ ಇರುವ ಊರುಗಳಲ್ಲಿ ಕಾಲು ಸೊಟ್ಟಗಿರುವ, ನಡೆಯಲು ಬಾರದ ಮಕ್ಕಳನ್ನು ಹುಡುಕಿ ಆಸ್ಪತ್ರೆಗೆ ತಲುಪಿಸುವ ಕೆಲಸ. ಸಂಯೋಜಕ ನಾನು, ಊರೂರು ಅಡ್ಡಾಡುವ ಇಬ್ಬರು ಕಾರ್ಯಕರ್ತೆಯರು, ಕಡತಗಳಿಗೆ ಅಕ್ಕೋರು. ಅಷ್ಟೇ ಜನ. ಮುನ್ನೂರಕ್ಕೂ ಹೆಚ್ಚು ಮಕ್ಕಳ ಕಾಲಿನ ಅಳತೆ, ಫೋಟೋ, ಎಕ್ಸ್‌ರೇ, ಡಾಕ್ಟರು ಬರೆದುಕೊಟ್ಟ ಚೀಟಿ ಎಲ್ಲವೂ ಒಂದೇ ಒಂದು ಕಂಪ್ಯೂಟರಿನಲ್ಲಿದ್ದವು. ಅದು ಎತ್ತರದ ಮೇಜಿನ ಮೇಲೆ ಕುಳಿತಿರುತ್ತಿತ್ತು. ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆ ಕೊಡಿಸಿ ಇನ್ನಷ್ಟು ಎತ್ತರ ಮಾಡಿದವರು ಅಕ್ಕೋರೇ. ಅದರಿಂದ ನನಗೆ ಕುರ್ಚಿಯ ಮೇಲೆ ಎರಡು ದಿಂಬು ಹಾಕಿಕೊಂಡು ಕೂರಬೇಕಾಗಿ ಬಂದಿತ್ತು.

ಅವರು ಬಂದ ಮೊದಲ ವಾರವೇ ಕೇಳಿದ ಪ್ರಶ್ನೆ ನನಗೆ ನೆನಪಿದೆ. "ಇದರದ ಎರಡನೇ ಪ್ರತಿ ಎಲ್ಲೈತ್ರಿ?"

ಎರಡನೇ ಪ್ರತಿ ಇರಲಿಲ್ಲ. ಇದೆ ಎಂದುಕೊಂಡಿದ್ದೆವು. ಹಿಂದೆ ಕೆಲಸಕ್ಕಿದ್ದ ಒಬ್ಬರು ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದೇನೆ ಎಂದು ಹೇಳಿ ಹೋಗಿದ್ದರು. ತೆರೆಯಲು ಹೋದರೆ ಗುಪ್ತ ಸಂಖ್ಯೆ ಅವರ ಹಳೆಯ ಮೊಬೈಲಿಗೆ ಹೋಗುತ್ತಿತ್ತು. ಆ ನಂಬರು ಈಗ ಯಾರದೋ ಕೈಯಲ್ಲಿತ್ತು. ಫೋನು ಮಾಡಿದರೆ ಆ ಪುಣ್ಯಾತ್ಮ ನನ್ನನ್ನೇ ಕಳ್ಳನೆಂದು ಬೈದು ಇಟ್ಟ. ಹೊಸದಾಗಿ ಮಾಡೋಣವೆಂದರೆ ಕೊಣ್ಣೂರಿನ ನೆಟ್‌ವರ್ಕಿನಲ್ಲಿ ಒಂದು ಎಕ್ಸ್‌ರೇ ಮೇಲೆ ಹೋಗುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು.

ಆಗ ಅಕ್ಕೋರು ತಮ್ಮದೇ ದಾರಿ ಹಿಡಿದರು. ವಾರವೆಲ್ಲ ಕೊಣ್ಣೂರಿನಲ್ಲಿ ಬಾಡಿಗೆ ಖೋಲಿಯಲ್ಲಿದ್ದು, ಶನಿವಾರ ಮಧ್ಯಾಹ್ನ ಗಜೇಂದ್ರಗಡದ ತಂಗಿಯ ಮನೆಗೆ ಹೋಗುವುದು ಅವರ ರೂಢಿ. ಪ್ರತಿ ಶನಿವಾರ ಬೆಳಿಗ್ಗೆ ಎಲ್ಲ ಕಡತಗಳನ್ನೂ ಅಂಗೈಯಗಲದ ಒಂದು ಡಿಸ್ಕಿಗೆ ನಕಲು ಮಾಡಿ, ತಂಗಿಯ ಮಗ್ಗದಲ್ಲಿ ಉಳಿದ ಸೀರೆಯ ತುಂಡಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ನರಗುಂದದಲ್ಲಿ ಒಂದು ಬಸ್ಸು ಬದಲಿ, ರೋಣದಲ್ಲಿ ಇನ್ನೊಂದು. ತಂಗಿಯ ಮನೆ ಗುಡ್ಡದ ಬುಡದಲ್ಲಿ, ಎತ್ತರದ ಓಣಿಯಲ್ಲಿ. "ಮಲಪ್ರಭಾ ಎಷ್ಟ ಸಿಟ್ಟಿಗೆದ್ರೂ ಗಜೇಂದ್ರಗಡದ ಗುಡ್ಡಾ ಹತ್ತೂದಿಲ್ರಿ" ಎನ್ನುತ್ತಿದ್ದರು. ಅಂಥ ಡಿಸ್ಕುಗಳು ಎರಡಿದ್ದವು. ಒಂದನ್ನು ಅಲ್ಲಿ ಇಟ್ಟು, ಹಿಂದಿನ ವಾರದ್ದನ್ನು ಸೋಮವಾರ ವಾಪಸ್ಸು ತರುವುದು. ಒಂದು ಕೆಟ್ಟ ಮೇಲೆ ಹೊಸದು ಕೊಡಿಸಿರೆಂದು ಅವರು ನನಗೆ ನಾಲ್ಕು ಅರ್ಜಿ ಬರೆದರು. ನಾಲ್ಕನ್ನೂ ನಾನು ಮುಂದಿನ ಸಭೆಯ ಕಡತಕ್ಕೆ ಹಾಕಿದೆ. ಆ ಮುಂದಿನ ಸಭೆ ಬರಲೇ ಇಲ್ಲ, ಅವರ ಹತ್ತಿರ ಒಂದೇ ಡಿಸ್ಕು ಉಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಒಂದು ಬೇಸಿಗೆಯಲ್ಲಿ ಕಂಪ್ಯೂಟರು ಕೈಕೊಟ್ಟಾಗ ಡಿಸ್ಕು ತೆಗೆದು ನೋಡಿದರೆ ಅದರಲ್ಲಿ ಬರೀ ಹೆಸರುಗಳಿದ್ದವು, ಒಳಗೆ ಏನೂ ಇರಲಿಲ್ಲ. ಕಡತದ ಬದಲು ಪರದೆಯ ಮೇಲಿನ ಗುರುತುಗಳನ್ನಷ್ಟೇ ತಿಂಗಳುಗಟ್ಟಲೆ ನಕಲು ಮಾಡಿದ್ದೆವು. ಹಾಗೆ ಮಾಡುವುದೆಂದು ಅವರಿಗೆ ತೋರಿಸಿಕೊಟ್ಟವನು ನಾನೇ. ಪುಣ್ಯಕ್ಕೆ ಕಂಪ್ಯೂಟರು ರಿಪೇರಿಯಾಗಿ ಕಡತಗಳೆಲ್ಲ ಸಿಕ್ಕವು. ಆದರೆ ಅಕ್ಕೋರು ಅವತ್ತು ಊಟ ಮಾಡಲಿಲ್ಲ.

"ಇಟ್ಟೇವಿ ಅನ್ಕೊಂಡು ಕುಂತಿದ್ವಿ ನೋಡ್ರಿ. ತಗದ ನೋಡಿದಾಗ ಬರಬೇಕ್ರಿ ಸರ್. ಬಂದ್ರ ಖರೇ, ಇಲ್ಲಂದ್ರ ಇಟ್ಟೇ ಇಲ್ಲ."

ಆ ವಾರದಿಂದ ಹೊಸ ಕಾಟ ಶುರುವಾಯಿತು. ಗಜೇಂದ್ರಗಡದ ಬಸ್‌ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಡಿಸ್ಕು ಹಚ್ಚಿ, ಪ್ರತಿ ಶನಿವಾರ ಮೂರು ಮಕ್ಕಳ ಕಡತ ತೆರೆದು, ಡಾಕ್ಟರ ಟಿಪ್ಪಣಿ ಇರುವ ಮೊದಲ ಹಾಳೆಯನ್ನು ಮುದ್ರಿಸಿಕೊಳ್ಳುವುದು. ಬೇರೆಯವರ ಯಂತ್ರದಲ್ಲಿ ತೆರೆದರೆ ಮಾತ್ರ ಅದು ಪರೀಕ್ಷೆ ಎಂಬುದು ಅವರ ವಾದ. ಊರುಗಳ ಹೆಸರನ್ನು ಹಾಜರಿ ಪುಸ್ತಕದ ಹಾಗೆ ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟುಕೊಂಡು ಅ ದಿಂದ ಹೊರಟರು. ಸೋಮವಾರ ಬಂದು "ಈ ವಾರ ಮೂರೂ ಬಂದ್ವ್ರಿ" ಎಂದು ನನಗೆ ವರದಿ ಒಪ್ಪಿಸುವರು. ನಾನು "ಭಾಳ ಚಲೋ ಆತ್ರಿ" ಎಂದು ಮೊಬೈಲು ನೋಡುತ್ತ ಹೇಳುತ್ತಿದ್ದೆ.

ಇಷ್ಟೊಂದು ಭಯ ಯಾಕೆ ಎಂದು ಒಮ್ಮೆ ಕೇಳಿದ್ದೆ. ಅವರು ಮೊದಲು ಕೆಲಸಕ್ಕೆ ಸೇರಿದ ಶಾಲೆಯ ಮಾಳಿಗೆ ಸೋರುತ್ತಿತ್ತಂತೆ. ಒಂದು ಮಳೆಗಾಲದ ರಜೆ ಮುಗಿಸಿ ಬಂದು ನೋಡಿದರೆ ದಾಖಲಾತಿ ಪುಸ್ತಕ ರಾಡಿಯಾಗಿತ್ತು. "ಒಂದ್ ಹುಡುಗೀದು ಹುಟ್ಟಿದ ತಾರೀಖು ನನ್ನ ಕೈಯಾಗ ಹೋತ್ರಿ. ಮುಂದ ಆಕೀಗೆ ನರ್ಸ್ ಕೆಲಸ ಸಿಗೂದಿತ್ತು, ಕಾಗದಾ ಇಲ್ಲಂತ ಸಿಗಲಿಲ್ಲ. ಈಗೂ ಸಂತ್ಯಾಗ ಸಿಗ್ತಾಳ, ಅಕ್ಕೋರ ಆರಾಮೇನ್ರಿ ಅಂತಾಳ. ಬೈದಿದ್ರ ಚಲೋ ಇತ್ತು." ಹೇಳಿ ಮುಗಿಸಿ, ಕನ್ನಡಕ ಮೇಲೆ ತಳ್ಳಿ, ಮತ್ತೆ ಕೀಲಿಮಣೆಗೆ ಬಗ್ಗಿದರು.

ಹೊಳೆಮಣ್ಣೂರಿನ ಒಂದು ಹುಡುಗಿಯ ಕಡತವೂ ನಮ್ಮಲ್ಲಿತ್ತು. ಅವಳ ಎರಡೂ ಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗಿದ್ದವು. ನಾಲ್ಕು ವರ್ಷದವಳಿದ್ದಾಗ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಎಡಗಾಲಿನ ಆಪರೇಷನ್ ಆಗಿತ್ತು. ಆಗ ಪ್ರಜ್ಞೆ ತಪ್ಪಿಸಲು ಕೊಟ್ಟ ಔಷಧ ಮೈಗೆ ಒಗ್ಗದೆ ಮಗು ಸಾವಿನ ಬಾಯಿಗೆ ಹೋಗಿ ಬಂದಿತ್ತು. ಯಾವ ಔಷಧ ಎಂದು ಡಾಕ್ಟರು ಚೀಟಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಕೊಟ್ಟಿದ್ದರು. ಆ ಆಸ್ಪತ್ರೆ ಮುಂದೆ ಮುಚ್ಚಿಯೇ ಹೋಯಿತು. ಹುಡುಗಿಯ ತಾಯಿ ಅಸಲು ಚೀಟಿಯನ್ನು ತಂದು ಅಕ್ಕೋರ ಕೈಗೆ ಕೊಟ್ಟದ್ದು ನನ್ನ ಎದುರಿಗೇ.

"ನಮ್ಮ ಮನ್ಯಾಗ ಇಟ್ರ ಹೊಳಿ ಒಯ್ತೈತ್ರಿ ಅಕ್ಕೋರ. ನಿಮ್ಮ ಹಂತ್ಯಾಕ ಇರ್ಲಿ. ನಿಮ್ಮಲ್ಲೆ ಇದ್ರ ನನಗ ಚಿಂತಿಲ್ಲ."

ಬಲಗಾಲಿನ ಆಪರೇಷನ್ನಿಗೆ ಹುಬ್ಬಳ್ಳಿಯ ಡಾಕ್ಟರು ದಸರೆಯ ನಂತರದ ದಿನ ಕೊಟ್ಟಿದ್ದರು. ಹುಡುಗಿಗೆ ಆಗ ಹನ್ನೊಂದು ವರ್ಷ. ಎಲುಬು ಬಲಿತರೆ ಪಾದ ತಿರುಗುವುದಿಲ್ಲ, ಇನ್ನು ತಡ ಮಾಡಬೇಡಿ, ಬರುವಾಗ ಆ ಹಳೆಯ ಚೀಟಿ ತಪ್ಪದೆ ತನ್ನಿ ಎಂದಿದ್ದರು.

ಆ ವರ್ಷದ ಶ್ರಾವಣದಲ್ಲಿ ನಮಗೆ ನೆರವು ಕೊಡುವ ಕಡೆಯಿಂದ ಒಬ್ಬ ಅಧಿಕಾರಿ ಬಂದರು. ಅಕ್ಕೋರು ಊರವಾರು ಜೋಡಿಸಿದ ಹಾಳೆಗಳ ಪಾಕೀಟುಗಳನ್ನು ಅವರಿಗೆ ತೋರಿಸಲೆಂದೇ ಗಜೇಂದ್ರಗಡದಿಂದ ಹೊತ್ತು ತಂದಿದ್ದರು. ಅಧಿಕಾರಿ ಒಂದನ್ನು ಎತ್ತಿ ನೋಡಿ, "ಏನ್ ಮೇಡಂ, ಕಂಪ್ಯೂಟರ್ ಕೊಟ್ಟಿದ್ದು ಕಾಗದ ಜಾಸ್ತಿ ಮಾಡೋಕಾ?" ಎಂದು ನಕ್ಕರು. ನಾನೂ ನಕ್ಕೆ. ಅವರಿಗಿಂತ ಜೋರಾಗಿ ನಕ್ಕೆ ಎಂಬುದು ಈಗ ನೆನೆದರೆ ಮೈ ಉರಿಯುತ್ತದೆ. ಅವರು ಹೋದ ಮೇಲೆ ಅಕ್ಕೋರನ್ನು ಕರೆದು, ನಾಳೆಯಿಂದ ಈ ಝೆರಾಕ್ಸ್ ಸೇವೆ ಬಂದ್ ಮಾಡಿ ಎಂದು ಹೇಳಿದೆ.

"ಇನ್ನ ನಾಕ ಶನಿವಾರ ಕೊಡ್ರಿ ಸರ್. ಸ ಮುಗದೈತಿ, ಹ ಅಷ್ಟ ಉಳದೈತಿ. ಹನ್ನೊಂದ ಮಕ್ಕಳು."

"ಡಿಸ್ಕಿನಾಗ ಅದಾವಲ್ರಿ?"

"ಅದಾವ್ರಿ."

"ಕಂಪ್ಯೂಟರಿನಾಗ ಅದಾವಲ್ರಿ?"

"ಅದಾವ್ರಿ."

"ಮತ್ತ ಸಾಕ್ ಬಿಡ್ರಿ. ನಾಕ ಮಂದಿ ನಗೂ ಹಂಗ ಮಾಡಬ್ಯಾಡ್ರಿ."

"ಆತ್ರಿ" ಎಂದರು. ಅವರು ವಾದ ಮಾಡುವವರೇ, ಆದರೆ ಮೇಲಿನವರು ಬೇಡವೆಂದ ಮೇಲೆ ಕದ್ದು ಮಾಡುವವರಲ್ಲ. ಶಾಲೆಯಲ್ಲಿ ಬೆಳೆದ ಶಿಸ್ತು ಅದು. ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ನಿಲ್ಲಿಸಿದವನು ನಾನು, ಅವರು ನನ್ನ ಮಾತು ಕೇಳಿದರಲ್ಲ ಎಂಬ ಸಿಟ್ಟು ಅವರ ಮೇಲೆ!

ಇನ್ನು ಖಂಡೆ ಪೂಜೆಯ ಕಥೆ. ಮಹಾನವಮಿಗೆ ನಮ್ಮ ಕಡೆ ಕುಡುಗೋಲು, ತಕ್ಕಡಿ, ಟ್ರ್ಯಾಕ್ಟರು, ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆ. ಯಾವುದರಿಂದ ಅನ್ನವೋ ಅದನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ ಸಾಲಾಗಿ ಇಡುತ್ತಾರೆ. ಇಟ್ಟದ್ದನ್ನು ದಶಮಿಯ ತನಕ ಯಾರೂ ಮುಟ್ಟುವುದಿಲ್ಲ, ಕದಲಿಸುವುದಿಲ್ಲ. ನಮ್ಮ ಆಫೀಸಿನಲ್ಲಿ ಅಲ್ಲಿಯವರೆಗೆ ಮೇಜಿನ ಮೇಲಿದ್ದ ಕಂಪ್ಯೂಟರಿಗೇ ಒಂದು ಹೂವು ಇಟ್ಟು ಮುಗಿಸುತ್ತಿದ್ದೆವು. ಆ ವರ್ಷ ಅಧ್ಯಕ್ಷರು ತಾವೇ ಬರುತ್ತೇನೆ ಎಂದರು. ನರಗುಂದದ ದೊಡ್ಡ ವ್ಯಾಪಾರಸ್ಥರ ಮನೆತನದವರು, ಒಳ್ಳೆಯವರು, ಯಾವುದನ್ನೂ ಸಣ್ಣದಾಗಿ ಮಾಡಿ ಗೊತ್ತಿಲ್ಲದವರು. ಸಾಮಾನೆಲ್ಲ ಕೆಳಗೆ ಜಮಖಾನೆಯ ಮೇಲೆ ಸಾಲಾಗಿ ಇಡಬೇಕು, ಒಂದೂ ಬಿಡಬಾರದು ಎಂದು ಹೇಳಿ ಕಳಿಸಿದರು.

"ಅಕ್ಕೋರ, ನಿಮ್ಮ ಡಿಸ್ಕನ್ನೂ ತರ್ರಿ" ಎಂದೆ.

"ಅದು ಬ್ಯಾಡ್ರಿ ಸರ್. ಅದಕ್ಕ ನಮ್ಮ ತಂಗಿ ಅಲ್ಲೇ ಪೂಜಾ ಮಾಡ್ತಾಳ, ಮಗ್ಗದ ಜೋಡಿ."

"ಅಧ್ಯಕ್ಷರು ಎಲ್ಲಾ ಇರಬೇಕಂದಾರ್ರಿ. ಒಂದ್ ದಿನದ ಮಾತು."

"ಎರಡೂ ಒಂದ ಜಾಗಾದಾಗ ಇದ್ರ ಅದು ಎರಡಲ್ರಿ. ಒಂದ."

ಈ ಮಾತಿಗೂ ನಾನು ಎದ್ದು ಹೋದೆ. ಅವರು ತಂದರು. ಸೀರೆಯ ತುಂಡಿನಿಂದ ಬಿಚ್ಚಿ, ಒಲ್ಲದ ಮನಸ್ಸಿನಿಂದ ಜಮಖಾನೆಯ ಮೇಲೆ ಇಟ್ಟರು. ಮೇಜಿನಿಂದ ಕೆಳಗಿಳಿಸಿದ ಕಂಪ್ಯೂಟರಿನ ಪಕ್ಕ ಅದು, ಅದರ ಪಕ್ಕ ಮಕ್ಕಳ ಕಾಲಳತೆಯ ಪಟ್ಟಿ, ಪ್ಲಾಸ್ಟರು ಕತ್ತರಿಸುವ ಕತ್ತರಿ. ಚೆಂಡುಹೂವಿನ ರಾಶಿ, ಕುಂಬಳಕಾಯಿ, ಧೂಪ. ಅಧ್ಯಕ್ಷರು ಕೈಮುಗಿದು ನಿಂತ ಫೋಟೋ ತೆಗೆದೆವು. ಆ ಫೋಟೋ ನನ್ನ ಮೊಬೈಲಿನಲ್ಲಿ ಇವತ್ತಿಗೂ ಇದೆ. ಆ ಜಮಖಾನೆಯಿಂದ ಉಳಿದದ್ದೇನಾದರೂ ಇದ್ದರೆ ಅದೊಂದೇ.

ಆರತಿ ಮುಗಿದು ಪ್ರಸಾದ ಹಂಚುವಾಗ ಸುದ್ದಿ ಬಂತು. ಮೇಲೆ ಮಳೆ ಜೋರಾಗಿ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟಿದ್ದಾರಂತೆ. ಅಕ್ಕೋರು ಪ್ರಸಾದದ ಕೈಯಲ್ಲೇ ಡಿಸ್ಕಿನ ಕಡೆ ಬಗ್ಗಿದರು. ಅಧ್ಯಕ್ಷರ ತಾಯಿ ಅಲ್ಲೇ ಕುರ್ಚಿಯಲ್ಲಿದ್ದರು. "ಏ ತಂಗಿ, ಪೂಜಾಕ್ಕ ಇಟ್ಟಿದ್ದನ್ನ ಕದಲಸಬಾರದವಾ. ನಾಳಿ ಬನ್ನಿ ಆದ ಮ್ಯಾಲ ಎತ್ತು" ಎಂದರು. ಅಕ್ಕೋರು ನನ್ನ ಮುಖ ನೋಡಿದರು. ನಾನು ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮನೆಯಲ್ಲಿ ಹೋಳಿಗೆ ಕಾಯುತ್ತಿತ್ತು, ನರಗುಂದಕ್ಕೆ ಹೋಗುವ ಅವಸರ. "ಈ ಓಣಿಗೆ ನೀರ ಬರೂದಿಲ್ರಿ, ನೀವು ಬಸ್ ಹಿಡೀರಿ" ಎಂದು ಬಾಗಿಲಿಗೆ ಕೀಲಿ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

ಮರುದಿನ ಬೆಳಗಾಗುವಷ್ಟರಲ್ಲಿ ಕೊಣ್ಣೂರಿನ ಸೇತುವೆ ಮುಳುಗಿತ್ತು. ನಮ್ಮ ಓಣಿಗೂ ನೀರು ಬಂತು. ಬಹಳ ಏನಲ್ಲ, ಮೊಳಕಾಲ ಮಟ್ಟ. ಇಳಿದ ಮೇಲೆ ನೋಡಿದರೆ ನೀರಿನ ಗುರುತು ಮೇಜಿನ ಹಲಗೆಗಿಂತ ಒಂದೂವರೆ ಗೇಣು ಕೆಳಗಿತ್ತು. ಇಟ್ಟಿಗೆ ಕೊಟ್ಟ ಮೇಜಿನ ಮೇಲೆ ಒಂದು ಹನಿ ನೀರು ತಾಗಿರಲಿಲ್ಲ. ಅಲ್ಲಿ ನನ್ನ ಎರಡು ದಿಂಬುಗಳಿದ್ದವು, ಪೂಜೆಗೆ ಜಾಗ ಮಾಡಲು ಎತ್ತಿಟ್ಟಿದ್ದವು, ಒಂದಿಷ್ಟೂ ನೆನೆಯದೆ ಸುಖವಾಗಿ. ಕೆಳಗೆ ಜಮಖಾನೆಯ ಮೇಲೆ ಎಂಟು ವರ್ಷದ ಕೆಲಸ ರಾಡಿಯಲ್ಲಿ ಕುಳಿತಿತ್ತು. ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಅಸಲು ಚೀಟಿಗಳು ಹಿಟ್ಟಿನ ಮುದ್ದೆಯಾಗಿದ್ದವು.

ರಸ್ತೆ ತೆರೆದ ದಿನವೇ ಅಕ್ಕೋರು ಬಂದರು. ನಾನು ಅಷ್ಟರಲ್ಲಿ ಡಿಸ್ಕನ್ನು ತೊಳೆದು ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಿದ್ದೆ. ಒಂದು ಕಡೆ ಚೆಂಡುಹೂವಿನ ಎಸಳು ಅಂಟಿಕೊಂಡಿತ್ತು.

"ಇದನ್ನ ಹಚ್ಚಬ್ಯಾಡ್ರಿ ಸರ್. ಹಂಗಽ ಹುಬ್ಬಳ್ಳಿಗೆ ಒಯ್ಯೂಣು. ಗೊತ್ತಿದ್ದವ್ರು ಬಿಚ್ಚಲಿ" ಎಂದು ಹೇಳಿ ಅರಿವೆ ತರಲು ಖೋಲಿಗೆ ಹೋದರು. ನನಗೆ ತಡೆಯಲಾಗಲಿಲ್ಲ. ಮೇಲೆ ಒಣಗಿದಂತೆ ಕಾಣುತ್ತಿತ್ತು. ಒಂದು ಸಲ, ಒಂದೇ ಸಲ ನೋಡಿಬಿಡೋಣ ಎಂದು ಪಕ್ಕದ ಮನೆಯವರ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅದು ಮೂರು ಸಲ ಟಿಕ್ ಎಂದಿತು. ಸುಟ್ಟ ವಾಸನೆ ಬಂತು. ಆಮೇಲೆ ಏನೂ ಇಲ್ಲ.

ಅಕ್ಕೋರು ಅರಿವೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಯಾವಾಗಲೂ ನನ್ನನ್ನು ಸರ್ ಎಂದೇ ಕರೆದವರು, ಅವತ್ತು ಮಾತ್ರ ಹಾಗೆ ಕರೆಯಲಿಲ್ಲ.

"ತಮ್ಮಾ," ಎಂದರು, "ಅಷ್ಟ್ಯಾಕ ಅವಸರ ಮಾಡಿದಿ?"

ಬೈದಿದ್ದರೆ ಚೆನ್ನಾಗಿತ್ತು ಎಂದು ಅವರು ನರ್ಸ್ ಕೆಲಸ ತಪ್ಪಿದ ಆ ಹುಡುಗಿಯ ಬಗ್ಗೆ ಹೇಳಿದ್ದ ಮಾತು ನನಗೆ ಆ ಹೊತ್ತಿನಲ್ಲಿ ಅರ್ಥವಾಯಿತು. ಅವರು ಡಿಸ್ಕನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡರು. ಆಮೇಲೆ ಚೀಲದಿಂದ ಬಾಡಿದ ಬನ್ನಿ ಎಲೆ ತೆಗೆದು, ದಸರೆಯ ದಿನ ಕೊಡಲು ಆಗಲಿಲ್ಲವಲ್ಲ ಎಂದು ನನ್ನ ಕೈಗೆ ಹಾಕಿದರು. "ಬನ್ನಿ ತಗೊಂಡು ಬಂಗಾರದಂಗ ಇರ್ರಿ." ರಾಡಿಯಲ್ಲಿ ನಿಂತು ಇದನ್ನು ಕೇಳಿಸಿಕೊಂಡು ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಹುಬ್ಬಳ್ಳಿಯ ಅಂಗಡಿಯವನು ಡಿಸ್ಕು ಬಿಚ್ಚಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಹಸಿ ಇದ್ದಾಗ ಹಚ್ಚೀರೇನು?"

ಮುಂದಿನ ಸೋಮವಾರ ಅಕ್ಕೋರು ಗಜೇಂದ್ರಗಡದಿಂದ ಎರಡು ಚೀಲ ಹೊತ್ತು ಬಂದರು. ನಾನು ನಕ್ಕಿದ್ದ ಪಾಕೀಟುಗಳು. ಅ ದಿಂದ ಸ ತನಕ, ಊರಿಗೊಂದು. ಎಕ್ಸ್‌ರೇಗಳಿರಲಿಲ್ಲ, ಫೋಟೋಗಳಿರಲಿಲ್ಲ, ಆದರೆ ಪ್ರತಿ ಮಗುವಿನ ಮೊದಲ ಹಾಳೆ, ಡಾಕ್ಟರ ಟಿಪ್ಪಣಿ ಇತ್ತು. ಆ ಹಾಳೆಗಳಿಂದಲೇ ಸಂಸ್ಥೆ ಮತ್ತೆ ನಿಂತಿತು. ಹೊಳೆದಂಡೆಯ ಮನೆಗಳಲ್ಲಿ ಕಾಗದಗಳೆಲ್ಲ ಹೋಗಿದ್ದ ತಂದೆತಾಯಿಗಳು ಬಂದು ಬಾಗಿಲಲ್ಲಿ ನಿಂತರೆ, ಅಕ್ಕೋರು ಪಾಕೀಟು ತೆಗೆದು ಕೊಡುತ್ತಿದ್ದರು. ಒಬ್ಬರಿಗೂ ಅವರು ಇದರ ಕಥೆ ಹೇಳಲಿಲ್ಲ. ನಾನು ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಟೈಪು ಮಾಡುತ್ತಿದ್ದೆ.

ಹೊಳೆಮಣ್ಣೂರಿನ ಹುಡುಗಿಯ ತಾಯಿ ಒಂದು ವಾರ ಬಿಟ್ಟು ಬಂದಳು. ಮನೆಯ ಗೋಡೆ ಬಿದ್ದಿತ್ತು, ಗಂಜಿ ಕೇಂದ್ರದಿಂದ ಬಂದಿದ್ದಳು. ಮುಖದಲ್ಲಿ ಮಾತ್ರ ಒಂದು ನೆಮ್ಮದಿ ಇತ್ತು.

"ಮನ್ಯಾಗಿನ್ದು ಎಲ್ಲಾ ಹೋತ್ರಿ. ಚೀಟಿ ನಿಮ್ಮಲ್ಲಿ ಇಟ್ಟಿದ್ದು ಎಷ್ಟ ಚಲೋ ಆತ್ ನೋಡ್ರಿ. ಕೊಡ್ರಿ, ಹುಬ್ಬಳ್ಳಿಗೆ ಹೋಗ್ಬೇಕು."

ಪಾಕೀಟುಗಳು ಸ ಕ್ಕೇ ನಿಂತಿದ್ದವು, ಹ ಇರಲಿಲ್ಲ. ನಾನು ತಲೆ ತಗ್ಗಿಸಿದೆ. ಅಕ್ಕೋರು ಎದ್ದು ಅವಳ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡರು. "ನನ್ನ ಕೈಯಾಗ ಹೋತವಾ" ಎಂದರು. ನನ್ನ ಹೆಸರು ಎತ್ತಲಿಲ್ಲ. ಅಧ್ಯಕ್ಷರ ಹೆಸರನ್ನೂ ಎತ್ತಲಿಲ್ಲ. ಆ ತಾಯಿ ಅಳಲಿಲ್ಲ, ಜಗಳ ಮಾಡಲಿಲ್ಲ. ಸ್ವಲ್ಪ ಹೊತ್ತು ಕುಳಿತು, ನೀರು ಕುಡಿದು, "ನಿಮ್ಮಲ್ಲಿಗೂ ಬಂದಿತ್ತೇನ್ರಿ ಹೊಳಿ" ಎಂದು ಕೇಳಿ ಹೋದಳು.

ಔಷಧದ ಹೆಸರು ಗೊತ್ತಾಗದೆ ಮಗುವನ್ನು ಮುಟ್ಟುವುದಿಲ್ಲ ಎಂದರು ಹುಬ್ಬಳ್ಳಿಯ ಡಾಕ್ಟರು. ಅವರದು ತಪ್ಪಲ್ಲ. ಅಂದಿನಿಂದ ಅಕ್ಕೋರ ಶನಿವಾರಗಳು ಬದಲಾದವು. ಮುಚ್ಚಿದ ಆಸ್ಪತ್ರೆಯ ಓಣಿಗೆ ಹೋಗಿ ಕೇಳಿದರು. ಅಲ್ಲಿ ಕೆಲಸಕ್ಕಿದ್ದ ಆಯಾ ಒಬ್ಬಳನ್ನು ಹುಡುಕಿದರು. ಅವಳಿಂದ ಕಂಪೌಂಡರು, ಅವನಿಂದ ಪ್ರಜ್ಞೆ ತಪ್ಪಿಸಲು ಬರುತ್ತಿದ್ದ ಡಾಕ್ಟರು. ಆ ಡಾಕ್ಟರು ಈಗ ಬಾಗಲಕೋಟೆಯಲ್ಲಿ ಮಗಳ ಮನೆಯಲ್ಲಿದ್ದರು, ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಮೊದಲ ಎರಡು ಸಲ ಭೇಟಿಯೇ ಆಗಲಿಲ್ಲ. ಮೂರನೆಯ ಸಲ ಹೋದಾಗ ಮಗಳು ಅಟ್ಟದಿಂದ ಹಳೆಯ ಡೈರಿಗಳ ಗಂಟು ಇಳಿಸಿಕೊಟ್ಟಳಂತೆ. ಮಾಡಿದ ಪ್ರತಿ ಕೇಸನ್ನೂ ಅವರು ತಮಗಾಗಿ ಬೇರೆ ಬರೆದಿಟ್ಟುಕೊಂಡಿದ್ದರು. ಅಕ್ಕೋರು ಮೂರು ಶನಿವಾರ ಅಲ್ಲಿ ಕುಳಿತು, ಜಾರುವ ಕನ್ನಡಕ ತಳ್ಳಿಕೊಳ್ಳುತ್ತ, ಒಂದೊಂದೇ ಹಾಳೆ ತಿರುವಿ ಆ ಹೆಸರನ್ನು ಹುಡುಕಿ ತಂದರು.

ಅಷ್ಟರಲ್ಲಿ ಹತ್ತು ತಿಂಗಳು ಕಳೆದಿದ್ದವು. ಆಪರೇಷನ್ ಆಯಿತು. ಪಾದ ತಿರುಗಿತು, ಪೂರ್ತಿ ತಿರುಗಲಿಲ್ಲ. ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. "ಹೋದ ವರ್ಷ ಬಂದಿದ್ದರೆ ತಾಗುತ್ತಿತ್ತು" ಎಂದರು ಡಾಕ್ಟರು, ನಮ್ಮನ್ನು ನೋಯಿಸಲು ಅಲ್ಲ, ಕೇಳಿದ್ದಕ್ಕೆ ಹೇಳಿದರು. ಹುಡುಗಿ ಈಗ ಶಾಲೆಗೆ ನಡೆದೇ ಹೋಗುತ್ತಾಳೆ, ಬಲಗಾಲಿನ ಬೆರಳುಗಳ ಮೇಲೆ ಭಾರ ಹಾಕಿ. ಅವಳ ನಡಿಗೆ ನೋಡಿದಾಗಲೆಲ್ಲ ನನಗೆ ಜಮಖಾನೆ, ಆ ಕೀಲಿ, ಆ ನಗು ಎಲ್ಲ ಒಟ್ಟಿಗೇ ನೆನಪಾಗುತ್ತವೆ.

ಆಪರೇಷನ್ ಆದ ಮರುವರ್ಷದ ಆಷಾಢದಲ್ಲಿ ಅಕ್ಕೋರು ತೀರಿಕೊಂಡರು. ಗಜೇಂದ್ರಗಡದಲ್ಲಿ, ಬೆಳಿಗ್ಗೆ ಚಹಾ ಕುಡಿದು ಇಟ್ಟ ಮೇಲೆ. ಸೋಮವಾರವಾಗಿತ್ತು, ಬಸ್ಸಿಗೆ ಹೊರಡಲು ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದರಂತೆ. ಮಣ್ಣು ಮುಗಿಸಿ ಮನೆಗೆ ಬಂದಾಗ ಅವರ ತಂಗಿ ನನ್ನನ್ನು ಒಳಗೆ ಕರೆದು, "ನಿಮ್ಮ ಆಫೀಸಿನ ಸಾಮಾನ ಏನಾರ ಇದ್ರ ನೋಡ್ರಿ" ಎಂದು ಟ್ರಂಕು ತೆರೆದರು. ಹೊಸ ಡಿಸ್ಕು ಸೀರೆಯ ತುಂಡಿನಲ್ಲಿತ್ತು. ಅದರ ಪಕ್ಕ ಕನ್ನಡಕದ ಡಬ್ಬಿ. ತೆರೆದು ನೋಡಿದೆ. ಎರಡೂ ಕಡ್ಡಿಗಳು ಸರಿಯಾಗಿದ್ದವು, ಗಾಜಿನ ಮೇಲೆ ಅಂಗಡಿಯ ಚೀಟಿ ಕಿತ್ತಿರಲಿಲ್ಲ. ಒಂದು ದಿನವಾದರೂ ಹಾಕಿಕೊಳ್ಳಬಾರದಿತ್ತೇ ಎಂದು ಸಿಟ್ಟು ಬಂತು, ಅಲ್ಲೇ ಕುಳಿತು ಅತ್ತೆ.

ಟ್ರಂಕಿನ ತಳದಲ್ಲಿ ಇನ್ನೊಂದು ಪಾಕೀಟು ಇತ್ತು. ಉಳಿದವನ್ನೆಲ್ಲ ಹೊತ್ತು ತಂದಿದ್ದ ಅಕ್ಕೋರು ಇದೊಂದನ್ನು ಮಾತ್ರ ತಂದಿರಲಿಲ್ಲ. ಮೇಲೆ ಅವರ ಗುಂಡಗಿನ ಅಕ್ಷರದಲ್ಲಿ "ಹೊಳೆಮಣ್ಣೂರ" ಎಂದು ಬರೆದಿತ್ತು, ಕೆಳಗೆ ಮಕ್ಕಳ ಹೆಸರು, ಆ ಹುಡುಗಿಯದೇ ಮೊದಲು. ನಾನು ಬಂದ್ ಮಾಡಿಸುವ ಮೊದಲೇ, ಮುಂದಿನ ಶನಿವಾರಕ್ಕೆಂದು ಸಿದ್ಧ ಮಾಡಿ ಇಟ್ಟುಕೊಂಡದ್ದು. ಒಳಗೆ ಏನೂ ಇರಲಿಲ್ಲ. ಅದು ನನ್ನ ಕಣ್ಣಿಗೆ ಬೀಳಬಾರದು ಎಂದು ಅವರು ಅಲ್ಲೇ ಬಿಟ್ಟಿದ್ದರು.

ಈಗ ಶನಿವಾರ ಡಿಸ್ಕು ಹೊತ್ತು ಗಜೇಂದ್ರಗಡದ ಬಸ್ಸು ಹತ್ತುವವನು ನಾನು. ಖಂಡೆ ಪೂಜೆಗೆ ಅದನ್ನು ತರಬೇಕೆಂದು ಅಧ್ಯಕ್ಷರು ಮತ್ತೆ ಹೇಳಿಲ್ಲ, ಹೇಳಿದರೂ ತರುವುದಿಲ್ಲ. ಬಸ್‌ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯವರು ಮೊದಲ ದಿನ ಕೇಳಿದರು, "ಅಕ್ಕೋರು ಅ ದಿಂದ ಹಿಡೀತಿದ್ರು. ನೀವು ಎಲ್ಲಿಂದ ತಗೀತೀರಿ?"

"ಹ ದಿಂದ್ರಿ" ಎಂದೆ.